ಟೈರಿನ ದನಿ ಕೇಳುತ್ತಿದ್ದ ಉಸ್ಮಾನಸಾಬ

ಕುರ್ಲಾದ ಗುಜರಿ ಅಂಗಡಿಗಳ ಸಾಲಿನಲ್ಲಿ ಉಸ್ಮಾನಸಾಬನ ಟೈರಿನ ಅಂಗಡಿಗೆ ಬೋರ್ಡು ಇರಲಿಲ್ಲ. ವಿಜಾಪುರದ ಕಡೆಯಿಂದ ಬಂದು ಮುಂಬಯಿಯಲ್ಲಿ ಲಾರಿ ಓಡಿಸುವವರೆಲ್ಲ ಅವನ ಕಿವಿಯನ್ನು ನಂಬಿ ಹುಡುಕಿಕೊಂಡು ಬರುತ್ತಿದ್ದರು. ಹೊಸ ಟೈರು ಸುಲಭಕ್ಕೆ ಸಿಗದ ಕಾಲವದು. ಸವೆದ ಟೈರಿಗೆ ಹೊಸ ರಬ್ಬರು ಬೇಯಿಸಿ ಅಂಟಿಸಿದ ರಿಮೋಲ್ಡ್ ಟೈರುಗಳೇ ಗತಿ. ಒಳಗೆ ಅಂಟು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬಡಿದರೆ ಮಾತ್ರ ಡೊಳ್ಳಿನಂತೆ ಪೊಳ್ಳು ಸದ್ದು ಬರುತ್ತದೆ. ಉಸ್ಮಾನ ಟೈರನ್ನು ನಿಲ್ಲಿಸಿ, ಸುತ್ತಲೂ ಮರದ ಸುತ್ತಿಗೆಯಿಂದ ಬಡಿಯುತ್ತ, ತಲೆ ಓರೆ ಮಾಡಿ ಕೇಳುತ್ತಿದ್ದ. "ಬ್ಯಾಡ, ಇದರ ಹೊಟ್ಟ್ಯಾಗ ಗಾಳಿ ಅದ" ಎಂದನೆಂದರೆ ಆ ಟೈರನ್ನು ಯಾರೂ ಮುಟ್ಟುತ್ತಿರಲಿಲ್ಲ.

ಆ ಸಾಲಿನಲ್ಲೊಂದು ಪದ್ಧತಿಯೂ ಇತ್ತು. ಟೈರು ಆರಿಸಿಕೊಟ್ಟವನು ಮೊದಲ ಖೇಪಿಗೆ ಡ್ರೈವರನ ಪಕ್ಕದಲ್ಲಿ ಕೂತು ಹೋಗಬೇಕು. ತಾನು ಹೊಗಳಿದ ಟೈರಿನ ಮೇಲೆ ತನ್ನ ಜೀವವನ್ನೂ ಇಡಬೇಕು.

ಆದರೆ ಹಿಂದಿನ ರಂಜಾನಿನಿಂದೀಚೆಗೆ ಆ ಕಿವಿ ಮಂದವಾಗುತ್ತ ಬಂದಿತ್ತು. ಕುರ್ಲಾದಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಯಾರಿಗೂ ಗೊತ್ತಾಗಿರಲಿಲ್ಲ, ಹೆಂಡತಿ ತಾಜಬಿಯೊಬ್ಬಳಿಗೆ ಬಿಟ್ಟು.

"ಜನಕ್ಕ ಹೇಳಿಬಿಡ್ರಿ" ಎಂದಿದ್ದಳು ಅವಳು.

"ಹೇಳಿ? ಸುತ್ತಿಗಿ ಒಲಿಗೆ ಹಾಕಿ ಭಜಿ ಕರೀಲೇನು?"

೧೯೭೪ರ ಮೊದಲ ಮಳೆ ಬಿದ್ದ ವಾರ ಸಿಂದಗಿಯ ಸಂಗಪ್ಪ ಬಂದ. ದಹಿಸರ್ ಹಿಂದಿನ ಗುಡ್ಡದ ಗಣಿಯಿಂದ ಕಲ್ಲು ತರುವ ಲಾರಿ ಅವನದು. ಆ ದಾರಿ ಅರ್ಧ ಬಂಡೆ, ಅರ್ಧ ಕೆಸರು.

"ಚಾಚಾ, ಕೆಸರಾಗೂ ಕಾಲೂರಬೇಕು, ಕಲ್ಲಿಗೂ ಹರೀಬಾರದು. ಅಂಥಾದ್ದು ನೋಡ್ರಿ."

"ಟೈರ ಕೇಳ್ತೀಯೋ, ಸೊಸಿ ಹುಡುಕ್ತೀಯೋ?"

ನಗುತ್ತಲೇ ಉಸ್ಮಾನ ದಪ್ಪ ಹಲ್ಲಿನ, ಹಲ್ಲುಗಳ ನಡುವೆ ಅಗಲ ಸಂದಿಯಿರುವ ಟೈರುಗಳನ್ನು ಆರಿಸಿದ. ಸಂದಿ ಕಿರಿದಾದರೆ ಕೆಸರು ಕಚ್ಚಿಕೊಂಡು ಚಕ್ರ ಬೋಳಾಗುತ್ತದೆ. ಕಣ್ಣು, ಬೆರಳುಗಳ ಕೆಲಸದಲ್ಲಿ ತಪ್ಪಲಿಲ್ಲ. ಆಮೇಲೆ ಸುತ್ತಿಗೆ ಎತ್ತಿದ. ಎಲ್ಲಿ ಬಡಿದರೂ ಅವನ ಕಿವಿಗೆ ದೂರದ ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ ಒಂದೇ ಸದ್ದು. ಬೀದಿಯ ಗದ್ದಲದಲ್ಲಿ ನಿಂತ ಸಂಗಪ್ಪ ಟೈರನ್ನು ನೋಡುತ್ತಿರಲಿಲ್ಲ, ಇವನ ಮುಖವನ್ನೇ ನೋಡುತ್ತಿದ್ದ. ಆ ನೋಟಕ್ಕೆ ಉಸ್ಮಾನ ತಲೆಯಾಡಿಸಿಬಿಟ್ಟ.

"ಹಾಕ್ಸು."

ಮರುದಿನ ಖಾಲಿ ಲಾರಿ ಗುಡ್ಡ ಹತ್ತುವಾಗ ಎಲ್ಲ ಚೆನ್ನಾಗಿತ್ತು. ಉಸ್ಮಾನ ಇಳಿದು ಕೆಸರಿನಲ್ಲಿ ಮೂಡಿದ ಅಚ್ಚು ನೋಡಿದ. ಹಲ್ಲುಗಳು ಸ್ಪಷ್ಟವಾಗಿದ್ದವು. ಚಕ್ರ ತಿರುಗಿದಂತೆ ಸಂದಿಯ ಕೆಸರು ತಾನಾಗಿ ಉದುರುತ್ತಿತ್ತು. ಅವನ ಎದೆ ಹಗುರಾಯಿತು. ಇಳಿಯುವಾಗ ಲಾರಿಯ ತುಂಬ ಕಲ್ಲು. ಕಲ್ಲಿನ ಮೇಲೆ ಗಣಿಯ ಕೂಲಿ ಗುರುಬಾಯಿ ಮತ್ತವಳ ಜೊತೆಯ ಹೆಂಗಸರು.

ಅರ್ಧ ಇಳಿಜಾರಿನಲ್ಲಿ ಸಂಗಪ್ಪ ಮತ್ತೆ ಮತ್ತೆ ಇವನ ಕಡೆ ತಿರುಗತೊಡಗಿದ. ತುಟಿ ಅಲುಗಿದ್ದು ಕಂಡಿತು.

"ಬರೋಬ್ಬರಿ ಅದ, ನಡಿ" ಎಂದ ಉಸ್ಮಾನ.

ಸಂಗಪ್ಪ ಬ್ರೇಕು ಒತ್ತಿಯೇಬಿಟ್ಟ.

ಎಡಗಡೆಯ ಹಿಂದಿನ ಟೈರಿನ ರಬ್ಬರು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ಇನ್ನೊಂದು ತಿರುವು ದಾಟಿದ್ದರೆ ಪಕ್ಕದಲ್ಲಿ ಹಳ್ಳ. ಮೇಲಿನಿಂದ ಇಳಿದ ಗುರುಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಗಾಡಿಗೆ ಬಿಕ್ಕಳಿಕಿ ಹತ್ತಿತ್ತಲ್ಲೋ ಸಂಗಣ್ಣಾ! ಕಲ್ಲಿನ ಮ್ಯಾಲೆ ಕುಂತ ನಮಗ ಧಪ್ ಧಪ್ ಅಂತ ಕೇಳ್ತು. ಮೆತ್ತನ ಸೀಟಿನ ಮ್ಯಾಲೆ ಕುಂತ ಸಾಹೇಬರಿಗೆ ಕೇಳಲಿಲ್ಲೇನು?"

ಹೆಂಗಸರು ನಕ್ಕರು. ಸಂಗಪ್ಪ ನಗಲಿಲ್ಲ. ಬಹಳ ಹೊತ್ತು ಉಸ್ಮಾನನ ಮುಖ ನೋಡಿದ. ಬೈದಿದ್ದರೆ ಬಾಕಿ ತೀರುತ್ತಿತ್ತೇನೋ. ಅವನು ಹತ್ತಿರ ಬಂದು, ಕಿವಿ ಕೇಳದ ಮುದುಕರೊಡನೆ ಆಡುವ ಹಾಗೆ ಬಾಯಿ ಅಗಲಿಸಿ, ನಿಧಾನವಾಗಿ ಹೇಳಿದ: "ಸ್ಟೆಪ್ನಿ ಹಾಕೂಣ್ರಿ, ಚಾಚಾ."

ಉಸ್ಮಾನ ಕೆಸರಿನಲ್ಲಿ ಮಂಡಿಯೂರಿ ನಟ್ಟು ಬಿಚ್ಚಿದ. ತಲೆ ಎತ್ತಿದರೆ ಲಾರಿಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಆ ಹೆಂಗಸರ ಪಾದಗಳು ಕಾಣುತ್ತಿದ್ದವು. ಅವನು ತಲೆ ಎತ್ತಲಿಲ್ಲ.

ಸಂಜೆ ಅಂಗಡಿಯೆದುರು ಚಹಾ ಕುಡಿಯುತ್ತ ನಿಂತ ಡ್ರೈವರುಗಳು ಬಿಚ್ಚಿದ ಟೈರು ನೋಡಿ ಏನಾಯಿತೆಂದು ಕೇಳಿದರು. ಸಂಗಪ್ಪ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ: "ಚಾಚಾನ ಕಿವಿ ಅಂದ್ರ ಕಿವಿ! ನನಗ ಏನೂ ಕೇಳಿರಲಿಲ್ಲ. ನಿಲ್ಸೋ ಅಂದ್ರು, ನಿಲ್ಲಿಸ್ದೆ. ಅದಕ್ಕ ಉಳಿದ್ವಿ."

ಡ್ರೈವರುಗಳು ಮೆಚ್ಚಿ ತಲೆದೂಗಿದರು. ಒಬ್ಬ ಇನ್ನೊಂದು ಚಹಾ ತರಿಸಿ ಉಸ್ಮಾನನ ಕೈಗಿತ್ತ. ಸಂಗಪ್ಪ ಅವನ ಮಾನ ಮುಚ್ಚಲು ತನ್ನದನ್ನು ಬಿಚ್ಚಿ ಹೊದಿಸಿದ್ದ.

ಅಷ್ಟರಲ್ಲಿ ಭೀಮರಾಯನೆಂಬ ಡ್ರೈವರು ಒಂದು ಟೈರು ಉರುಳಿಸಿಕೊಂಡು ಬಂದ. "ಇದನ್ನೂ ಒಂದೀಟು ಕೇಳ್ರಿ ಚಾಚಾ." ಎಂದೂ ಸುಮ್ಮನಿರದ ಮಂದಿ ಉಸ್ಮಾನನಿಗೆ ಸದ್ದು ಕೇಳಲೆಂದು ಮಾತು ನಿಲ್ಲಿಸಿದರು.

ಉಸ್ಮಾನ ಸುತ್ತಿಗೆ ಎತ್ತಿದ. ಎತ್ತಿದ್ದನ್ನು ಹಾಗೆಯೇ ಇಳಿಸಿ ಭೀಮರಾಯನ ಕಡೆ ಚಾಚಿದ.

"ನೀ ಬಡಿ. ನೀನ ಕೇಳು. ಡೊಳ್ಳಿನಂಗ ಅಂದ್ರ ನನಗ ಹೇಳು." ಅವನ ದನಿ ಅವನಿಗೇ ಕೇಳುವಷ್ಟು ದೊಡ್ಡದಾಗಿತ್ತು. "ಸಂಗಪ್ಪ ಹೇಳಿದ್ದು ಸುಳ್ಳದ. ನನ್ನ ಕಿವಿ ಹೋಗ್ಯಾವ."