ಸೌತೆಕಾಯಿಗೆ ರವಕೆ

ಬ್ರಹ್ಮಾವರದಿಂದ ನಾವುಂದಕ್ಕೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ನೂಲಿನ ಉಂಡೆಗಳೇ ಹೆಚ್ಚಿದ್ದವು. ತವರಿನಲ್ಲಿ ನೆರೆಮನೆಯ ಕ್ರಿಸ್ತುವರ ಹೆಂಗಸೊಬ್ಬರು ನನಗೆ ಕ್ರೋಶಾ ಕಲಿಸಿದ್ದರು. ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ, ಒಂದು ಉಂಡೆ ನೂಲು ಸಿಕ್ಕರೆ ನನಗೆ ಊಟದ ನೆನಪೂ ಇರುತ್ತಿರಲಿಲ್ಲ. "ಗಂಡನ ಮನೆಯಂಗೆ ಇದನ್ನೆಲ್ಲ ಹೊರಗ್ ತೆಗಿಬೇಡ" ಎಂದು ಅಮ್ಮ ಹೇಳಿ ಕಳಿಸಿದ್ದಳು. ತಿಂಗಳು ತುಂಬುವ ಮೊದಲೇ ತೆಗೆದೆ.

ಆ ಮನೆಯಲ್ಲಿ ಇದ್ದವರು ಅತ್ತೆ, ನನ್ನ ಗಂಡ, ನಾನು. ಇವರು ಬೈಂದೂರಿನ ಶಾಲೆಯಲ್ಲಿ ಮಾಸ್ತರರು. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೊರಡುವರು. ಅತ್ತೆಗೆ ತರಕಾರಿಯ ಹುಚ್ಚು. ಕೊಯ್ಲಾದ ಗದ್ದೆಯಲ್ಲಿ ಸೌತೆ, ಅಂಗಳದ ಬದಿಯಲ್ಲಿ ಅಲಸಂದೆ, ಬಾವಿಯ ಹತ್ತಿರ ಬಸಳೆ ಚಪ್ಪರ. ಬಸಳೆಯೊಡನೆ ಮಾತಾಡುವಷ್ಟು ಮೆತ್ತಗೆ ಅವರು ಮನುಷ್ಯರೊಡನೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಮೊದಲು ನೀರಿನ ಹೂಜಿಗೆ ಒಂದು ಮುಸುಕು ಹೆಣೆದೆ. ಆಮೇಲೆ ಕನ್ನಡಿಗೆ, ಉಪ್ಪಿನಕಾಯಿ ಭರಣಿಗೆ, ಲಾಟೀನಿಗೆ. ಹೊದಿಸಲು ಇನ್ನೇನೂ ಉಳಿಯದಾಗ ದೊಡ್ಡ ಮೇಜುವಸ್ತ್ರವೊಂದನ್ನು ಶುರುಮಾಡಿದೆ. ಅತ್ತೆ ಬಸಳೆ ಕೊಯ್ದುಕೊಂಡು ಬಂದವರು ಜಗಲಿಯಲ್ಲಿ ನಿಂತು ನೋಡಿದರು.

"ಇದೆಂತದೆ?"

"ಮೇಜಿಗ್ ಹಾಸುದ್, ಅತ್ತೆ."

"ನಮ್ಮನಿಯಂಗೆ ಮೇಜ್ ಎಲ್ಲಿತ್ತ್?"

ಅದನ್ನು ನಾನು ಯೋಚಿಸಿರಲಿಲ್ಲ. "ಮುಂದ್ ಮಾಡ್ಸುವ" ಎಂದೆ.

"ಹೌದ್ ಮಾರಾಯ್ತಿ. ಮೊದ್ಲ್ ತೊಟ್ಲ್, ಮತ್ತ್ ಮದುವಿ."

ಮೀನಿನ ಬುಟ್ಟಿ ಇಳಿಸಿದ ಹೆಂಗಸೂ ನನ್ನನ್ನು ಬಿಡಲಿಲ್ಲ. "ಹ್ವಾಯ್ ಅಮ್ಮ, ನಿಮ್ ಸೊಸಿ ಬಲಿ ಹೆಣಿತ್ರ್ ಕಾಣಿ. ಈ ಬಲಿಗೆ ಯಾವ್ ಮೀನ್ ಬೀಳತ್ತ್?"

ಅತ್ತೆ ಬಂಗುಡೆಯ ಕಿವಿರು ಎತ್ತಿ ನೋಡುತ್ತಲೇ ಹೇಳಿದರು: "ನನ್ ಮಗ ಒಬ್ಬ ಬಿದ್ದಿದ."

ಯುದ್ಧದ ಕಾಲ ಅದು. ಸೀಮೆಎಣ್ಣೆಗೆ, ಬಟ್ಟೆಗೆ ಪರದಾಟ ಶುರುವಾಯಿತು. ನೂಲು ಕುಂದಾಪುರ ಪೇಟೆಯಲ್ಲಿ ಹುಡುಕಿದರೂ ಸಿಗದಾಯಿತು. ನನ್ನ ಮೇಜುವಸ್ತ್ರ ಅರ್ಧಕ್ಕೆ ನಿಂತಿತು. ಕೈ ಸುಮ್ಮನಿರದೆ ತೋಟಕ್ಕೆ ಇಳಿದೆ. ತವರಿನಿಂದ ತಂದ ಗೊಂಡೆಹೂವಿನ ಬೀಜವನ್ನು ಅತ್ತೆಯ ಹರಿವೆ ಸೊಪ್ಪಿನ ಪಾತಿಯಲ್ಲಿ ಬಿತ್ತಿ, ಕೆಲವು ದಿನ ಬಿಟ್ಟು ಕಳೆ ಕೀಳಲು ಕೂತೆ. ಕಿತ್ತದ್ದೆಲ್ಲ ಹರಿವೆಯೇ. ಅತ್ತೆ ಆ ಎಳೆಗಿಡಗಳನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು. ಮಧ್ಯಾಹ್ನ ಬಡಿಸುವಾಗ, "ಇವತ್ತ್ ಕಳಿ ಪಲ್ಯ" ಎಂದರು, ಅಷ್ಟೆ.

ಆ ಬೇಸಿಗೆ ಸೌತೆ ಕೈಮೀರಿ ಬೆಳೆಯಿತು. ಮಳೆಗಾಲಕ್ಕೆ ಬೇಕೆಂದು ಅತ್ತೆ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಚಾವಡಿಯ ಮಾಡಿನ ಜಂತಿಯಿಂದ ಸಾಲಾಗಿ ತೂಗುಹಾಕಿದರು. ಒಂದು ಭಾನುವಾರ ಇವರು ಊಟ ಮುಗಿಸಿ ಅವುಗಳ ಕೆಳಗೇ ಚಾಪೆ ಹಾಸಿ ಮಲಗಿದ್ದರು. ನಾರು ಜಾರಿತು. ದೊಡ್ಡದೊಂದು ಸೌತೆಕಾಯಿ ಧೊಪ್ಪೆಂದು ಇವರ ದಿಂಬಿನ ಪಕ್ಕಕ್ಕೇ ಬಿತ್ತು. ಅತ್ತೆ ಅಡುಗೆಮನೆಯಿಂದ ಓಡಿಬಂದು ಮೊದಲು ಎತ್ತಿಕೊಂಡದ್ದು ಸೌತೆಕಾಯಿಯನ್ನು.

"ಪುಣ್ಯ. ಒಡಿಲಿಲ್ಲ."

"ನಾನೂ ಒಡಿಲಿಲ್ಲ ಅಮ್ಮ" ಎಂದರು ಇವರು, ಎದ್ದು ಕೂತು ಕಿವಿ ಮುಟ್ಟಿಕೊಳ್ಳುತ್ತ.

ಸಂಜೆ ಅತ್ತೆ ನನ್ನ ಅರ್ಧ ಮೇಜುವಸ್ತ್ರವನ್ನು ಹಿಡಿದುಕೊಂಡು ಬಂದು ಅದನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದರು. "ಈ ನೂಲಿನ್ ಚೀಲ ಮಾಡ್ರೆ ಸೌತಿಕಾಯಿ ಭಾರ ತಡಿತಾ?"

"ತಡಿತ್ ಅತ್ತೆ."

"ಹಾಂಗಾರೆ ಬಿಚ್ಚ್."

ಬೇರೆ ನೂಲಿಲ್ಲವಲ್ಲ, ಅವರು ಹೇಳಿದ್ದು ಸರಿಯೇ. ಆದರೆ ನನ್ನ ಕೈ ಮುಂದೆ ಹೋಗಲಿಲ್ಲ. ಒಂದು ಮಳೆಗಾಲ, ಒಂದು ಚಳಿಗಾಲ ಕೂತು ಹೆಣೆದದ್ದು. ಕಣ್ಣು ತುಂಬಿದ್ದನ್ನು ಅವರು ನೋಡಿರಬೇಕು. ನನ್ನ ಪಕ್ಕ ಕೂತು ನೂಲಿನ ತುದಿಯನ್ನು ತಾವೇ ಹುಡುಕಿದರು. ನಾನು ಬಿಚ್ಚುತ್ತ ಹೋದೆ, ಅವರು ಉಂಡೆ ಸುತ್ತುತ್ತ ಹೋದರು.

"ಈ ಮನಿಗ್ ಬಂದ್ ವರ್ಷ ನಾನ್ ಮಲ್ಲಿಗಿ ಬಳ್ಳಿ ನೆಟ್ಟಿದ್ದೆ" ಎಂದರು. "ನನ್ ಅತ್ತಿ ಅದ್ನ್ ಕಿತ್ತ್ ಬದನಿ ಹಾಕ್ರ್."

"ನೀವ್ ಎಂತ ಹೇಳ್ರಿ?"

"ಎಂತ ಹೇಳುದ್? ಬದನಿ ಲಾಯ್ಕ್ ಆಯಿತ್." ಕೊನೆಯ ಎಳೆ ಬಂದಾಗ, "ಬಾವಿ ಬದಿಗ್ ಜಾಗ ಇತ್ತ್. ನಿನ್ ಗೊಂಡಿ ಅಲ್ಲಿ ಹಾಕ್" ಎಂದರು.

ನೂಲನ್ನು ಜೋಡಿ ಎಳೆ ಮಾಡಿ ಬಲೆಯಂಥ ಚೀಲಗಳನ್ನು ಹೆಣೆದೆ. ಹಳೆಯ ಚಾಳಿ ಬಿಡದೆ ಬಾಯಿಯ ಸುತ್ತ ಸಣ್ಣದೊಂದು ಹೂವಿನ ಅಂಚನ್ನೂ ಇಟ್ಟೆ. ಚಾವಡಿಯಲ್ಲಿ ಬಿಳಿ ಬಲೆ ತೊಟ್ಟು ತೂಗುವ ಸೌತೆಕಾಯಿಗಳನ್ನು ಕಂಡು ನೆರೆಮನೆಯ ಅಜ್ಜಿ ಬಾಗಿಲಲ್ಲೇ ನಿಂತರು.

"ಎಂತ ಮಾರಾಯ್ತಿ, ಸೌತಿಕಾಯಿಗ್ ರವ್ಕಿ ಹೊಲ್ಸಿದ್ಯಾ?"

"ಹೌದ್" ಎಂದರು ಅತ್ತೆ. "ಬಟ್ಟಿ ಇಲ್ದ ಕಾಲ. ಸೌತಿಕಾಯಿಗಾರೂ ಮರ್ಯಾದಿ ಇರ್ಲಿ."

ಆ ಮಳೆಗಾಲ ಒಂದು ಕಾಯಿಯೂ ಬೀಳಲಿಲ್ಲ. ಬಾವಿಯ ಬದಿಯಲ್ಲಿ ಗೊಂಡೆ ಅರಳಿತು. ನೀರು ಸೇದಲು ಹೋದಾಗಲೆಲ್ಲ ಅತ್ತೆ ಒಂದು ಹೂ ಕಿತ್ತು ಮುಡಿದು, "ಮಲ್ಲಿಗಿ ವಾಸ್ನಿ ಇಲ್ಲ" ಎಂದು ದೂರುತ್ತಿದ್ದರು.

ಆಸಾಡಿ ತಿಂಗಳ ಒಂದು ಮಧ್ಯಾಹ್ನ ಜಗಲಿಗೆ ಬಂದರೆ ನನ್ನ ಕಡ್ಡಿ ಅತ್ತೆಯ ಕೈಯಲ್ಲಿತ್ತು. ನಾಲಿಗೆ ಕಚ್ಚಿಕೊಂಡು, ಉಳಿದ ನೂಲಿನಲ್ಲಿ ಚೀಲ ಹೆಣೆಯುತ್ತಿದ್ದರು. ಎತ್ತಿ ನೋಡಿದರೆ ಅದು ಉದ್ದಕ್ಕೆ ಕೊಳವೆಯ ಹಾಗೆ ಇಳಿದಿತ್ತು. ಅಡಿಯೇ ಇರಲಿಲ್ಲ. ನಾನು ಪರೀಕ್ಷೆಗೆಂದು ಒಂದು ಸೌತೆಕಾಯಿಯನ್ನು ಮೇಲಿನಿಂದ ಹಾಕಿ, ಕೆಳಗಿನಿಂದ ಹಿಡಿದುಕೊಂಡೆ.

"ಅತ್ತೆ, ಇದ್ ನಿಲ್ಲುದಿಲ್ಲ ಅಲ್ದಾ?"

ಅವರು ಮುಖ ತಿರುಗಿಸಲಿಲ್ಲ. "ಇದ್ ಸೌತಿಕಾಯಿಗಲ್ಲ. ಪಡುವಲಕಾಯಿಗೆ."

ನಾವು ಆ ವರ್ಷ ಪಡುವಲ ಹಾಕಿರಲೇ ಇಲ್ಲ. ಮಳೆ ಸ್ವಲ್ಪ ಹೊಳವಾದದ್ದೇ ತಡ, ಅತ್ತೆ ಮಳೆಗೆ ಹೊದೆಯುವ ಗೊರಬನ್ನು ತಲೆಗೇರಿಸಿಕೊಂಡು ನೆರೆಮನೆಗೆ ಬೀಜ ಕೇಳಲು ಹೊರಟರು.