ಫಾರಿನ್ ಮಿಸ್ಸುಗಳಿಗೆ ಕರಿಯಮ್ಮನ ಒಂದು ತಿಂಗಳು

ಬೆಳಗಿನ ಆರು ಗಂಟೆಯ ಸೈರನ್ ಕೂಗುವ ಹೊತ್ತಿಗೆ ಕರಿಯಮ್ಮ ಶಿಶುವಿಹಾರದ ಅಂಗಳ ಗುಡಿಸಿ ಮುಗಿಸಿರುತ್ತಾರೆ. ಭದ್ರಾವತಿಯ ಕಾರ್ಖಾನೆ ಕಾಲೊನಿಯ ಕೊನೆಯ ಸಾಲಿನಲ್ಲಿ, ಹಳೆಯ ಕ್ವಾರ್ಟರ್ಸ್ ಒಂದರಲ್ಲಿ ನಡೆಯುವ ಈ ಶಾಲೆಗೆ 'ಮೊಗ್ಗು' ಎಂದು ಹೆಸರು. ಎರಡು ಕೋಣೆ, ಒಂದು ಜಗಲಿ, ಹಿಂದೆ ಮರಳಿನ ಗುಂಡಿ. ರಾತ್ರಿ ಬೆಕ್ಕು ಗಲೀಜು ಮಾಡಿದೆಯೇ ಎಂದು ಕರಿಯಮ್ಮ ಮರಳನ್ನು ಕೋಲಿನಿಂದ ಕೆದಕಿ ನೋಡುತ್ತಾರೆ. ಆಮೇಲೆ ಒದ್ದೆ ಬಟ್ಟೆ ಹಿಡಿದು ಕುಳಿತರೆ ನಲವತ್ತೆರಡು ಸ್ಲೇಟುಗಳ ಎರಡೂ ಮಗ್ಗುಲು ಒರೆಸಿಯೇ ಏಳುವುದು. ಏಳು ಗಂಟೆಗೆ ಮೊದಲ ಮಗು ಬರುತ್ತದೆ. ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಹೋಗುವ ತಾಯಂದಿರಿಗೆ ಬಸ್ಸು ತಪ್ಪಬಾರದು, ಅದಕ್ಕೇ ಇಷ್ಟು ಬೇಗ. ಮೂರೂವರೆ ವರ್ಷದ ಇಂಪನಾ ತಾಯಿಯ ಕಂಕುಳಿನಿಂದ ನೇರ ಕರಿಯಮ್ಮನ ಕಂಕುಳಿಗೆ ದಾಟುತ್ತಾಳೆ.

ಶಾಲೆಯ ಪುಸ್ತಕದಲ್ಲಿ ಕರಿಯಮ್ಮನ ಹೆಸರಿನ ಮುಂದೆ 'ಆಯಾ' ಎಂದಿದೆ. ಗುಡಿಸುವುದು, ನೀರು ತುಂಬುವುದು, ಮೂಗು ಒರೆಸುವುದು, ಚಡ್ಡಿ ಬದಲಿಸುವುದು. ಇದೆಲ್ಲ ಎಲ್ಲರಿಗೂ ಕಾಣುವ ಕೆಲಸ. ಕಾಣದ ಕೆಲಸ ಬೇರೊಂದಿದೆ. ಹೊರದೇಶದಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿ ಪಡೆದು ಊರಿಗೆ ಮರಳಿದ ಆರು ಮಂದಿ ಹೆಂಗಸರು ಇಲ್ಲಿ ಶಿಕ್ಷಕಿಯರಾಗಿ ಕೆಲಸ ಹಿಡಿದದ್ದು ಕರಿಯಮ್ಮನ ಕೈಕೆಳಗೆ ಪಳಗಿದ ಮೇಲೆಯೇ. ಕುವೈತ್, ಕೊಲಂಬೊ, ದೋಹಾ, ಮಸ್ಕತ್ತಿನ ಡಿಪ್ಲೊಮಾಗಳು ನಮ್ಮ ಕಚೇರಿಗಳಲ್ಲಿ ನಡೆಯುವುದಿಲ್ಲ. ಗುಮಾಸ್ತರು ಹಾಳೆಯನ್ನು ತಿರುಗಿಸಿ ನೋಡಿ ಇದು ನಮ್ಮ ಬೋರ್ಡಿನದ್ದಲ್ಲ ಎಂದು ವಾಪಸು ಕೊಡುತ್ತಾರೆ. ಹಾಗಾಗಿ 'ಮೊಗ್ಗು' ಶಾಲೆಯ ಸಮಿತಿ ತನ್ನದೇ ದಾರಿ ಕಂಡುಕೊಂಡಿದೆ. ಬಂದವರು ಒಂದು ತಿಂಗಳು ಕರಿಯಮ್ಮನ ಜೊತೆ ಮಕ್ಕಳ ನಡುವೆ ಕೂರಬೇಕು. ತಿಂಗಳ ಕೊನೆಯ ಶನಿವಾರ ಕಾರ್ಯದರ್ಶಿ ಶಿವಮೂರ್ತಪ್ಪ ಬಂದು ಕರಿಯಮ್ಮನನ್ನು ಒಂದು ಮಾತು ಕೇಳುತ್ತಾರೆ. ಅವರು ಆಗಬಹುದು ಎಂದರೆ ಆಯಿತು.

ಇದು ಶುರುವಾದದ್ದು 1991ರಲ್ಲಿ. ಕುವೈತಿನ ಯುದ್ಧಕ್ಕೆ ಸಿಕ್ಕಿ ಒಂದೇ ಚೀಲದೊಂದಿಗೆ ಶಿವಮೊಗ್ಗಕ್ಕೆ ಮರಳಿದ ಶೀಲಾ ಎಂಬುವರು ಕೆಲಸ ಕೇಳಿಕೊಂಡು ಬಂದರು. ಅಲ್ಲಿ ಎರಡು ವರ್ಷ ತರಬೇತಿ ಪಡೆದು ನಾಲ್ಕು ವರ್ಷ ಪಾಠ ಮಾಡಿದ್ದರು. ಸರ್ಟಿಫಿಕೇಟು ಮಾತ್ರ ಅಲ್ಲಿನ ಮನೆಯ ಬೀರುವಿನಲ್ಲೇ ಉಳಿದಿತ್ತು. ಸಮಿತಿ ತಲೆ ಕೆರೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಕಸಪೊರಕೆ ಹಿಡಿದು ನಿಂತಿದ್ದ ಕರಿಯಮ್ಮ, ಒಂದು ತಿಂಗಳು ಕೂರಿಸಿ, ಬರುತ್ತೋ ಇಲ್ಲವೋ ನಾನು ಹೇಳುತ್ತೇನೆ ಎಂದುಬಿಟ್ಟರು.

ಮೊದಲ ದಿನ ಶೀಲಾ ಮಂಡಿಯೂರಿ ಕುಳಿತು, ತಾವು ಕಲಿತ ಪ್ರಕಾರ, ಇವತ್ತು ನಿಮಗೆಲ್ಲ ಏನು ಮಾಡಲು ಇಷ್ಟ ಎಂದು ಮಕ್ಕಳನ್ನೇ ಕೇಳಿದರು. ಮನೆಗೆ ಹೋಗುತ್ತೇವೆ ಎಂದು ಮೂವತ್ತಾರು ಮಕ್ಕಳೂ ಚೀಲ ಹೆಗಲಿಗೇರಿಸಿ ಎದ್ದು ನಿಂತವು. ಗೇಟಿಗೆ ಅಡ್ಡ ನಿಂತು ತಡೆದದ್ದು ಕರಿಯಮ್ಮ. ಆ ಸಂಜೆ ಅವರು ಹೇಳಿದ್ದಿಷ್ಟು: "ಹಂಗೆಲ್ಲ ಅಗಲವಾಗಿ ಕೇಳ್ಬಾರ್ದು ಮಿಸ್. ಮಣಿ ಪೋಣಿಸ್ತೀಯೋ, ಮರಳಲ್ಲಿ ಆಡ್ತೀಯೋ ಅಂತ ಕೇಳಿ. ಮನೆ ಅನ್ನೋದು ಅವಕ್ಕೆ ನೆನಪೇ ಆಗ್ಬಾರ್ದು."

ಶೀಲಾ ಈಗ ಶಿವಮೊಗ್ಗದಲ್ಲಿ ಸ್ವಂತ ನರ್ಸರಿ ನಡೆಸುತ್ತಾರೆ.

ಕರಿಯಮ್ಮನ ಪಾಠಗಳು ಯಾವ ಪುಸ್ತಕದಲ್ಲೂ ಇಲ್ಲ. ಈ ಕಾಲೊನಿಯ ಮಕ್ಕಳು ಕನ್ನಡ, ತಮಿಳು, ತೆಲುಗು, ಉರ್ದು ಆಡುತ್ತವೆ. ಒಂದಕ್ಕೆ ಹೋಗಬೇಕು ಎನ್ನುವುದನ್ನು ನಾಲ್ಕೂ ಭಾಷೆಯಲ್ಲಿ ಗುರುತಿಸಲು ಬಾರದಿದ್ದರೆ ಚಾಪೆ ಒದ್ದೆಯಾಗುತ್ತದೆ. ಮಗು ತಾನೇ ತಿನ್ನಲಿ ಎಂದು ಫಾರಿನ್ ಮಿಸ್ಸುಗಳು ಹಟ ಹಿಡಿಯುತ್ತಾರೆ. ಕರಿಯಮ್ಮ ಮೊದಲ ಮೂರು ತುತ್ತು ಕೈಯಾರೆ ತಿನ್ನಿಸಿ ಉಳಿದದ್ದನ್ನು ಮಗುವಿಗೆ ಬಿಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಹನ್ನೆರಡು ಗಂಟೆಯ ಸ್ಲೇಟು. ಹೊರದೇಶದ ತರಬೇತಿಯಲ್ಲಿ ಇಷ್ಟು ಚಿಕ್ಕ ಮಕ್ಕಳಿಂದ ಬರೆಸುವಂತಿಲ್ಲ. ಹನ್ನೆರಡಕ್ಕೆ ಶಾಲೆ ಬಿಟ್ಟಾಗ ಕರೆದೊಯ್ಯಲು ಬರುವ ಅಜ್ಜಿಯರು, ಕಾರ್ಖಾನೆಗೆ ಹೋಗದ ತಾಯಂದಿರು ಗೇಟಿನಲ್ಲಿ ಮೊದಲು ನೋಡುವುದೇ ಸ್ಲೇಟನ್ನು. ಅದು ಖಾಲಿ ಇದ್ದರೆ ಶಾಲೆಯಲ್ಲಿ ಏನೂ ಕಲಿಸುತ್ತಿಲ್ಲವೆಂದು ಮಗುವನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದಕ್ಕೇ ಹನ್ನೊಂದೂವರೆಗೆ ಕರಿಯಮ್ಮ ಒಂದೊಂದೇ ಮಗುವಿನ ಕೈ ಹಿಡಿದು ಬಳಪದಿಂದ ಏನಾದರೊಂದು ಗೀಚಿಸಿಬಿಡುತ್ತಾರೆ. ಪ್ರತಿ ಹೊಸ ಮಿಸ್ಸಿಗೂ ಮೊದಲ ವಾರದಲ್ಲೇ ಈ ಗುಟ್ಟು ಹೇಳಿಕೊಡುತ್ತಾರೆ.

ಇಷ್ಟು ಓದಿದವರು ಇವರನ್ನು ದೊಡ್ಡ ಮನಸ್ಸಿನ ತಾಯಿ ಎಂದುಕೊಂಡರೆ ಕರಿಯಮ್ಮ ಒಪ್ಪುವುದಿಲ್ಲ. "ನಂಗೆ ಸಿಕ್ಕಾಪಟ್ಟೆ ಹೊಟ್ಟೆಕಿಚ್ಚು. ಬಂದೋರೆಲ್ಲ ಮಿಸ್ ಆಗ್ತಾರೆ. ನಾನು ಕಲ್ಸೋಳು ಆಯಾನೇ," ಎನ್ನುತ್ತಾರೆ, ಮೂಗು ಸೋರುವ ಮಗುವೊಂದನ್ನು ಹತ್ತಿರ ಎಳೆದುಕೊಳ್ಳುತ್ತಾ. ಸಮಿತಿ ಈವರೆಗೆ ಬರೆದುಕೊಟ್ಟ ಅನುಭವ ಪತ್ರಗಳಲ್ಲಿ ಒಂದರಲ್ಲೂ ಇವರ ಹೆಸರಿಲ್ಲ. ಗಂಡ ಬೀರಪ್ಪ ಕಾರ್ಖಾನೆಯಲ್ಲಿ ಗುತ್ತಿಗೆಯ ಲೋಡರ್ ಆಗಿದ್ದು, ಸೊಂಟ ಹಿಡಿದ ಮೇಲೆ ಮನೆಯಲ್ಲಿದ್ದಾರೆ. ಶಾಲೆಯಲ್ಲಿ ಹೊಸ ಮಿಸ್ ಬಂದದ್ದು ತಮಗೆ ಸಾರಿನ ಉಪ್ಪಿನಲ್ಲೇ ಗೊತ್ತಾಗುತ್ತದೆ ಎಂದು ನಗುತ್ತಾರೆ.

ಕರಿಯಮ್ಮ ಹುಟ್ಟಿದ್ದು ಹೊಳಲೂರಿನಲ್ಲಿ, ಕೂಲಿ ಮಾಡುವ ಮನೆಯಲ್ಲಿ. ಐದನೇ ತರಗತಿಯವರೆಗೆ ಓದಿದರು. ಆರನೆಯದಕ್ಕೆ ಹೋಗುವ ವರ್ಷ ತಾಯಿ ಹೆತ್ತು ಮಲಗಿದರು, ಮಗುವನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಂದಿನಿಂದ ಈ ನಲವತ್ತೆಂಟನೆಯ ವಯಸ್ಸಿನವರೆಗೆ ಅವರ ಕಂಕುಳು ಖಾಲಿಯಾದದ್ದೇ ಕಡಿಮೆ. ಮದುವೆಯಾಗಿ ಭದ್ರಾವತಿಗೆ ಬಂದು, 1984ರಲ್ಲಿ ಈ ಶಾಲೆ ಸೇರಿದರು. ಮಿಸ್ ಆಗಲು ಹತ್ತನೇ ತರಗತಿಯಾದರೂ ಆಗಬೇಕಂತೆ, ಆ ಆಸೆಯನ್ನು ಎಂದೋ ಬಿಟ್ಟಿದ್ದರು.

ಬಿಟ್ಟ ಆಸೆ ತಾನಾಗಿಯೇ ಬಾಗಿಲಿಗೆ ಬಂದದ್ದು ಕಳೆದ ನವೆಂಬರಿನಲ್ಲಿ. ಚಿಕ್ಕ ಮಕ್ಕಳ ತರಗತಿಯ ಮಿಸ್ ಗಂಡನ ವರ್ಗಾವಣೆಯೆಂದು ಊರು ಬಿಟ್ಟರು. ಬದಲಿಗೆ ಯಾರೂ ಸಿಗಲಿಲ್ಲ. ಮಾರ್ಚ್‌ವರೆಗೆ ಐದು ತಿಂಗಳು ನಲವತ್ತೆರಡು ಮಕ್ಕಳನ್ನು ಕರಿಯಮ್ಮ ಒಬ್ಬರೇ ನಡೆಸಿದರು. ಎರಡನೇ ವಾರ ಯಾವುದೋ ಮಗು 'ಮಿಸ್' ಎಂದು ಕರೆಯಿತು. ಮಿಕ್ಕವೂ ಅದನ್ನೇ ಹಿಡಿದವು. ಆ ಪದ ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಗೆ ತುಪ್ಪ ಇಳಿದ ಹಾಗಾಗುತ್ತಿತ್ತು ಎಂದು ಕರಿಯಮ್ಮ ಸಂಕೋಚವಿಲ್ಲದೆ ಹೇಳುತ್ತಾರೆ.

ಈ ಜೂನ್‌ನಲ್ಲಿ ಸ್ಫೂರ್ತಿ ಬಂದರು. ಶಿವಮೊಗ್ಗದ ಗಾಂಧಿ ಬಜಾರಿನ ವರ್ತಕ ಚಂದ್ರಶೇಖರಪ್ಪನವರ ಸೊಸೆ. ಗಂಡನ ಜೊತೆ ಮಸ್ಕತ್ತಿನಲ್ಲಿದ್ದಾಗ ಶಿಶುಶಿಕ್ಷಣದ ಎರಡು ವರ್ಷದ ಕೋರ್ಸು ಮುಗಿಸಿದವರು. ಶಿವಮೊಗ್ಗದಲ್ಲಿ ಮೂರು ಶಾಲೆಗಳು ಬೇಡವೆಂದ ಮೇಲೆ ಬಸ್ಸು ಹತ್ತಿ ಭದ್ರಾವತಿಗೆ ಬಂದಿದ್ದರು. ಆ ತಿಂಗಳು ಅವರು ಪಾಸಾದರೆ ತರಗತಿ ಅವರದ್ದು. ಫೇಲಾದರೆ ಕರಿಯಮ್ಮನ ಕೈಯಲ್ಲೇ ಉಳಿಯುತ್ತದೆ. ಪಾಸು ಫೇಲು ಹೇಳಬೇಕಾದವರೂ ಕರಿಯಮ್ಮನೇ.

ಸ್ಫೂರ್ತಿ ತಪ್ಪು ಮಾಡುವವರಾಗಿದ್ದರೆ ಸಹಿಸಬಹುದಿತ್ತು. ಆಕೆ ಅಗಲವಾಗಿ ಏನನ್ನೂ ಕೇಳಲಿಲ್ಲ. ತುತ್ತು ತಿನ್ನಿಸಲು ನಾಚಲಿಲ್ಲ. ಧ್ವನಿ ಏರಿಸದೆಯೇ ಮಕ್ಕಳನ್ನು ಸಾಲಾಗಿ ಕೂರಿಸಿದರು. ಕರಿಯಮ್ಮನಿಗೆ ಮೈಯೆಲ್ಲ ಉರಿಯಿತು. ಮೊದಲ ವಾರ ಕಳೆಯಿತು, ಎರಡನೆಯದೂ ಕಳೆಯಿತು, ಸ್ಲೇಟಿನ ಗುಟ್ಟನ್ನು ಮಾತ್ರ ಅವರು ಬಾಯಿ ಬಿಡಲಿಲ್ಲ. ಹನ್ನೊಂದೂವರೆಗೆ ಬೇಕೆಂದೇ ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದರು. ಇಂಪನಾಳನ್ನು ಕಂಕುಳಿನಿಂದ ಇಳಿಸುತ್ತಲೂ ಇರಲಿಲ್ಲ, ಆ ಹುಡುಗಿ ಹೊಸ ಮಿಸ್ಸಿನ ಹತ್ತಿರ ಹೋಗದಿರಲಿ ಎಂದು.

ಸ್ಲೇಟುಗಳು ಖಾಲಿಯಾಗಿಯೇ ಗೇಟಿಗೆ ಬಂದವು. ಗೇಟಿನಲ್ಲಿ ಗುಸುಗುಸು ಶುರುವಾಯಿತು. ಹತ್ತು ದಿನದೊಳಗೆ ಇಬ್ಬರು ತಾಯಂದಿರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಏನು ತಪ್ಪಾಗುತ್ತಿದೆ ಎಂದು ಸ್ಫೂರ್ತಿ ಕೇಳಿದರೆ, ನಮ್ಮೂರ ಜನ ಹಾಗೇ ಎಂದು ಕರಿಯಮ್ಮ ತೇಲಿಸಿದರು. "ಆಗ ಖುಷಿಯಾಗಿತ್ತಾ ಅಂತ ಕೇಳಿದ್ರೆ, ಆಗಿತ್ತು," ಎಂದು ಈಗ ತಲೆ ತಗ್ಗಿಸುತ್ತಾರೆ.

ಮೂರನೇ ವಾರ ಕರಿಯಮ್ಮನಿಗೆ ಜ್ವರ ಬಂತು. ಮನೆಯಲ್ಲಿ ಮಲಗಿದ್ದರೂ ಕಿವಿ ಶಾಲೆಯ ಕಡೆಗೇ. ತಾನಿಲ್ಲದೆ ಇಂಪನಾ ಅತ್ತು ಕರೆದು ರಂಪ ಮಾಡಿರುತ್ತಾಳೆ, ಡಿಪ್ಲೊಮಾದ ಬಣ್ಣ ಬಯಲಾಗಿರುತ್ತದೆ ಎಂಬ ಲೆಕ್ಕಾಚಾರ. ತಡೆಯಲಾರದೆ ಹನ್ನೊಂದಕ್ಕೆ ಸೆರಗು ಹೊದ್ದು ಹೊರಟರು. ಈ ಜ್ವರದಲ್ಲಿ ಎಲ್ಲಿಗೆ ಮಾರಾಯ್ತಿ ಎಂದು ಬೀರಪ್ಪ ಕೂಗಿದ್ದು ಕೇಳಿಸಲೂ ಇಲ್ಲ.

ಗೇಟಿನ ಹತ್ತಿರ ಅಳು ಕೇಳಿಸಲಿಲ್ಲ. ಕಿಟಕಿಯಲ್ಲಿ ಇಣುಕಿದರೆ ಇಂಪನಾ ಸ್ಫೂರ್ತಿಯ ಮಂಡಿಗೆ ಒರಗಿ ಮಣಿ ಪೋಣಿಸುತ್ತಿದ್ದಳು. ಒಮ್ಮೆ ತಲೆ ಎತ್ತಿ ಕರಿಯಮ್ಮನನ್ನು ಕಂಡು ನಕ್ಕಳು, ಮತ್ತೆ ಮಣಿಗೆ ತಿರುಗಿದಳು. ಅಷ್ಟೇ. ಕರಿಯಮ್ಮ ಕಿಟಕಿಯಿಂದ ಹಿಂದೆ ಸರಿದರು. ಅಲ್ಲಿಂದಲೇ ಹಿಂತಿರುಗಬೇಕು ಎಂದುಕೊಂಡಾಗ ಇಂಪನಾಳ ಅಜ್ಜಿ ಚಿನ್ನಮ್ಮ ಸೊಪ್ಪಿನ ವ್ಯಾಪಾರ ಮುಗಿಸಿ ಖಾಲಿ ಬುಟ್ಟಿಯೊಂದಿಗೆ ಗೇಟಿಗೆ ಬಂದರು. ಎರಡು ವಾರದಿಂದ ಸ್ಲೇಟಿನಲ್ಲಿ ಒಂದು ಗೆರೆಯೂ ಇಲ್ಲ, ಇವತ್ತೂ ಹಾಗೇ ಇದ್ದರೆ ನಾಳೆಯಿಂದ ಮಗುವನ್ನು ಕಳಿಸುವುದಿಲ್ಲ ಎಂದು ಕರಿಯಮ್ಮನಿಗೇ ಹೇಳಿದರು.

ಕರಿಯಮ್ಮ ಒಳಗೆ ಹೋಗಿ ಬಳಪದ ಡಬ್ಬಿ ತೆಗೆದು ಸ್ಫೂರ್ತಿಯ ಮುಂದಿಟ್ಟರು. ಗೇಟಿನಲ್ಲಿ ತಾಯಂದಿರು ಏನು ನೋಡುತ್ತಾರೆ, ಆ ಇಬ್ಬರು ಮಕ್ಕಳು ಯಾಕೆ ಹೋದರು, ಎಲ್ಲವನ್ನೂ ಹೇಳಿದರು. ಸ್ಫೂರ್ತಿ ಡಬ್ಬಿಯ ಮುಚ್ಚಳ ತೆರೆದು ನೋಡಿದರು.

"ಇದನ್ನ ಮೊದಲ್ನೇ ದಿನಾನೇ ಹೇಳ್ಬಹುದಿತ್ತಲ್ಲ ಕರಿಯಮ್ಮಕ್ಕ?"

"ಹೇಳ್ಬಹುದಿತ್ತು. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ. ಈಗ್ಲೂ ನಿಮ್ಮೇಲಿನ ಪ್ರೀತಿಗೆ ಹೇಳ್ತಿಲ್ಲ. ಇಂಪನಾ ಹೋಗ್ಬಿಡ್ತಾಳೆ, ಅದಕ್ಕೆ."

ಇಷ್ಟು ಎಳೆಯ ಬೆರಳಿಂದ ಅಕ್ಷರ ಬರೆಸುವುದಕ್ಕೆ ತಮಗೆ ಮನಸ್ಸಿಲ್ಲ ಎಂದರು ಸ್ಫೂರ್ತಿ. ಅಕ್ಷರ ಯಾಕೆ, ಒಂದು ಸೊನ್ನೆ, ಎರಡು ಗೆರೆ ಸಾಕು, ಖಾಲಿ ಇರಬಾರದು ಅಷ್ಟೇ ಎಂದರು ಕರಿಯಮ್ಮ. ಇಬ್ಬರೂ ಎದುರುಬದುರು ಕುಳಿತು, ಹನ್ನೆರಡರೊಳಗೆ ನಲವತ್ತು ಮಕ್ಕಳ ಕೈಗೂ ಬಳಪ ಕೊಟ್ಟು ಗೀಚಿಸಿದರು. ಚಿನ್ನಮ್ಮ ಮೊಮ್ಮಗಳ ಸ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿ, ವಾಪಸು ಕೊಟ್ಟು, ಮಗುವನ್ನು ಎತ್ತಿಕೊಂಡು ಹೋದರು. ಮರುದಿನ ಏಳಕ್ಕೆ ಇಂಪನಾ ಬಂದಳು.

ತಿಂಗಳ ಕೊನೆಯ ಶನಿವಾರ ಶಿವಮೂರ್ತಪ್ಪ ಬಂದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಡತ ನೋಡಿ ನಿವೃತ್ತರಾದವರು, ಜಾಸ್ತಿ ಮಾತಿಲ್ಲ. ಇಬ್ಬರು ಮಕ್ಕಳು ಬಿಟ್ಟುಹೋದದ್ದು ಅವರಿಗೆ ತಿಳಿದಿತ್ತು. ಈಕೆ ಬೇಡವೇನಮ್ಮಾ ಎಂದೇ ಮಾತು ಶುರುಮಾಡಿದರು. ಕರಿಯಮ್ಮ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆ ಹೂಂ ಬಾಯಿಯ ತುದಿಯವರೆಗೂ ಬಂದಿತ್ತೆಂದು ಅವರೇ ಹೇಳುತ್ತಾರೆ.

"ಆ ಮಕ್ಕಳು ಹೋಗಿದ್ದು ನನ್ನಿಂದ ಸ್ವಾಮಿ, ಅವರಿಂದಲ್ಲ. ಕ್ಲಾಸು ಅವರಿಗೆ ಕೊಡಿ. ನನಗಿಂತ ಚೆನ್ನಾಗಿ ನೋಡ್ಕೋತಾರೆ."

ಸ್ಫೂರ್ತಿಗೆ ಆದೇಶ ಬಂದು ಈಗ ಮೂರು ವಾರ. ಬಿಟ್ಟುಹೋದ ಇಬ್ಬರ ಮನೆಗೂ ಕರಿಯಮ್ಮ ತಾವೇ ನಡೆದುಹೋಗಿ ಬಂದರು, ಒಂದು ಮಗು ಮರಳಿದೆ, ಇನ್ನೊಂದು ಬರಲಿಲ್ಲ. ಮಕ್ಕಳಿಗೆ ಈಗ ಮಿಸ್ ಎಂದರೆ ಸ್ಫೂರ್ತಿ. ಕರಿಯಮ್ಮ ಮತ್ತೆ ಆಯಮ್ಮ. ಮೊದಲ ಬಾರಿ ಇಂಪನಾಳ ಬಾಯಲ್ಲೇ ಅದನ್ನು ಕೇಳಿದಾಗ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡರಂತೆ. ಕಿಚ್ಚು ಆರಿದೆಯೇ ಎಂದರೆ ಇಲ್ಲ ಎನ್ನುತ್ತಾರೆ. ಸ್ಫೂರ್ತಿ ಸೀರೆಯ ನೆರಿಗೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತದ್ದು ಕಂಡರೂ ಒಳಗೆ ಚುರ್ರೆನ್ನುತ್ತದಂತೆ. ಮುಂದಿನ ತಿಂಗಳು ಕೊಲಂಬೊದಲ್ಲಿ ಕಲಿತ ಇನ್ನೊಬ್ಬರು ಬರುತ್ತಾರೆ, ದೊಡ್ಡ ಮಕ್ಕಳ ಕೋಣೆಗೆ. ಅವರಿಗೂ ಇದೇ ಒಂದು ತಿಂಗಳು.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದಾಗ ಕರಿಯಮ್ಮ ಸುತ್ತ ನೋಡಿ, ಸ್ಫೂರ್ತಿ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸುತ್ತಾರೆ.

"ಒಬ್ಳಾದ್ರೂ ಫೇಲಾಗ್ಲಿ ಅಂತ ಪ್ರತಿ ಸಲ ಬೇಡ್ಕೋತೀನಿ. ಆದ್ರೆ ಕಲ್ಸೋಳು ನಾನಲ್ವಾ, ಹೆಂಗ್ ಫೇಲಾಗ್ತಾರೆ?"