ಚಂಪಾಕಲಿಯ ಎಡಗೈ

ಎಡಗೈಲೆ ಬಡಿಸಿದರೆ ತಾಟು ಸರಿಸಿ ಏಳುವ ಮಂದಿ ಇನ್ನೂ ಇದ್ದಾರೆ. ಹೋದ ವರ್ಷ ಚಿತ್ತಾಪುರದ ಒಂದು ಮದುವೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಹಾಗೆ ಎದ್ದ. ಬಡಿಸುತ್ತಿದ್ದ ಹುಡುಗಿ ಅಳುತ್ತ ಒಳಗೆ ಓಡಿದಳು. ನಾನು ಆತನ ಭುಜ ಹಿಡಿದು ಕೂಡಿಸಿ, "ಉಣ್ಣು, ಇಲ್ಲಾಂದ್ರ ನಾನೇ ಬಾಯಾಗ ತುರುಕ್ತೀನಿ" ಅಂದೆ. ಬೀಗರು ಬಂದು ಬಿಡಿಸಿದರು. ಮನೆಗೆ ಬಂದು ನೀರು ಕುಡಿದು ಕೂತ ಮೇಲೆ ಅನ್ನಿಸಿತು, ಬೈದರೆ ಏನು ಬಂತು, ನಮ್ಮವ್ವನ ಸಂಗತಿ ಬರೆದಿಟ್ಟರೆ ನಾಲ್ಕು ಮಂದಿ ಓದಿಯಾರು ಅಂತ.

ನಮ್ಮವ್ವನ ಹೆಸರು ಸೂಗಮ್ಮ. ತವರು ಗುಂಡಗುರ್ತಿ. ಹುಟ್ಟಾ ಎಡಚಿ. ಚಿಕ್ಕಂದಿನಲ್ಲಿ ಆಕೆಯ ತಾಯಿ ಎಡಗೈಯನ್ನು ಹಳೇ ಸೀರೆಯ ಅಂಚಿನಿಂದ ಸೊಂಟಕ್ಕೆ ಬಿಗಿದು ಕಟ್ಟಿ ಅಡಿಗೆಗೆ ಕೂಡಿಸುತ್ತಿದ್ದಳಂತೆ. ಬಲಗೈ ಏನೋ ಕಲಿತಿತು, ಆದರೆ ಒಲ್ಲದ ಎತ್ತಿನ ಹಾಗೆ. ಅದು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಎಡಗೈ ಅಂತ ತಿಳಿದು ಎರಡು ಸಂಬಂಧ ಮುರಿದಿದ್ದವು. ಮೂರನೆಯದು ಶಹಾಬಾದದ್ದು ಬಂದಾಗ ಅವ್ವನ ಅಪ್ಪ ಒಂದೇ ಮಾತು ಹೇಳಿದ: "ಕೈ ಮುಚ್ಚಿಕೊಂಡು ಬಾಳ್ವೆ ಮಾಡು ಮಗಳೇ. ತಿಳೀತಂದ್ರ ತಿರುಗಿ ಕಳಸ್ತಾರ. ತಿರುಗಿ ಬಂದ ಹೆಣ್ಣಿಗೆ ಈ ಊರಾಗ ಬಾವಿ ಒಂದೇ ಗತಿ."

ನಮ್ಮಪ್ಪ ನಾಗೇಂದ್ರಪ್ಪ ಶಹಾಬಾದದ ಫರಸಿ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ. ಮೆತ್ತಗಿನ ಮನುಷ್ಯ. ಮನೆ ನಡೆಸುತ್ತಿದ್ದವಳು ಅಪ್ಪನ ತಾಯಿ ಶಿವಕಾಂತಮ್ಮ, ನಮ್ಮ ಆಯಿ. ಆಕೆಯ ಸಿಟ್ಟೇ ನನಗೂ ಬಂದದ್ದು ಅನ್ನುತ್ತಾರೆ, ಇರಲಿ. ಆಯಿಗೆ ದಿನಾ ಲಿಂಗಪೂಜೆ ಬಿಟ್ಟರೆ ಇದ್ದದ್ದು ಒಂದೇ ಹುಚ್ಚು, ಚಂಪಾಕಲಿಯ ಸಿನೆಮಾ.

ಚಂಪಾಕಲಿ ಬೊಂಬಾಯಿಯ ನಟಿ. ಆಗ ಸಿನೆಮಾಕ್ಕೆ ಬಾಯಿ ಇರಲಿಲ್ಲ, ಬರೀ ಚಿತ್ರ ಓಡುತ್ತಿತ್ತು, ಪಕ್ಕದಲ್ಲಿ ಒಬ್ಬ ತಬಲಾ ಬಾರಿಸುತ್ತಿದ್ದ. ಸಂತೆಯ ಬಯಲಲ್ಲಿ ಡೇರೆ ಹಾಕುತ್ತಿದ್ದರು. ನಟ್ಟನಡುವೆ ಬಿಳೀ ಪರದೆ. ಗಂಡಸರು ಮುಂದಿನ ಕಡೆ, ಹೆಂಗಸರು ಪರದೆಯ ಹಿಂದಿನ ಕಡೆ. ಮುಸಲ್ಮಾನರ ಹೆಂಗಸರಿಗೆ ಗೋಷಾ, ನಮ್ಮವರಿಗೆ ನಾಚಿಕೆ, ಎರಡಕ್ಕೂ ಅದು ಒಪ್ಪಿತ್ತು. ಒಣ ಬಟ್ಟೆಯಲ್ಲಿ ಹಿಂದಿನವರಿಗೆ ಚಿತ್ರ ಮೂಡುವುದಿಲ್ಲ, ಪರದೆ ಹಸಿ ಇರಬೇಕು. ಅದಕ್ಕಂತ ತೊಗಲಿನ ಮಶಕದಲ್ಲಿ ನೀರು ಹೊರುವ ಅಬ್ದುಲ್ ಗನಿಯನ್ನು ಇಟ್ಟಿದ್ದರು. ಆತ ನೀರು ಎರಚಿದರೆ ಬೆಳಕು ಬಟ್ಟೆ ದಾಟಿ ಬಂದು, ಚಂಪಾಕಲಿ ಆಚೆಯೂ ಈಚೆಯೂ ಕಾಣಿಸುತ್ತಿದ್ದಳು. ಆದರೆ ಈಚೆಗೆ ಕಾಣುವುದು ತಿರುವಿದ ಚಿತ್ರ. ಬಲ ಎಡಕ್ಕೆ, ಎಡ ಬಲಕ್ಕೆ. ನಡುನಡುವೆ ಬರುವ ಅಕ್ಷರವೂ ತಿರುವೇ, ಆದರೆ ಓದು ಬಂದ ಹೆಂಗಸು ಅಲ್ಲಿ ಯಾರಿದ್ದರು ಗುರುತಿಸಲಿಕ್ಕೆ?

ಮದುವೆಯಾಗಿ ವರ್ಷ ತುಂಬುವುದರೊಳಗೆ ಅವ್ವನ ಗುಟ್ಟು ಒಡೆಯಿತು. ಒಂದು ದಿನ ಆಯಿ ಬಾವಿಗೆ ಹೋದದ್ದು ನೋಡಿ ಅವ್ವ ಎಡಗೈಲೆ ರೊಟ್ಟಿ ಬಡಿಯುತ್ತ ಕೂತಿದ್ದಾಳೆ. ಆಯಿ ಹಗ್ಗ ಮರೆತು ತಿರುಗಿ ಬಂದಳು.

"ಏನ್ ಮಾಡ್ಲಿಕತ್ತೀ ಅದು?"

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು.

"ಚೆಂಬು ಹಿಡಿಯೋ ಕೈಲೆ ರೊಟ್ಟಿ! ಅಯ್ಯೋ ನನ್ನ ಲಿಂಗಯ್ಯಾ, ಇಷ್ಟು ದಿನ ಇದನ್ನೇ ತಿಂದೆವಾ? ನಾಗ್ಯಾ! ಎಲ್ಲಿ ಸತ್ತಿ? ನಾಳಿಗಿ ಬಂಡಿ ಹೂಡು. ಈಕೀನ್ನ ಗುಂಡಗುರ್ತಿಗಿ ಬಿಟ್ಟು ಬಾ. ಸುಳ್ಳು ಹೇಳಿ ಮಾಲು ದಾಟಿಸ್ಯಾರ!"

ಅಪ್ಪ "ಯವ್ವಾ, ಹಂಗಲ್ಲ..." ಅಂದ.

"ನಿನಗ ಎಡಗೈ ಊಟ ರುಚಿ ಹತ್ತೇದೇನು? ನೀನೂ ಹೋಗು."

ಅವ್ವ ಅಳಲಿಲ್ಲ. ಸೀರೆ ಗಂಟು ಕಟ್ಟಿ ಮೂಲೆಯಲ್ಲಿಟ್ಟಳು. ಆ ಗಂಟು ನೋಡಿ ಆಯಿಗೆ ಬೇರೆ ಚಿಂತೆ ಹತ್ತಿತು. ಅವತ್ತು ಸಂಜೆ ಚಂಪಾಕಲಿಯ ಹೊಸ ಸಿನೆಮಾ. ಬಿಡಲಿಕ್ಕೆ ಮನಸ್ಸಿಲ್ಲ. ಸೊಸೆಯನ್ನು ಒಬ್ಬಳೇ ಬಿಟ್ಟರೆ ಏನು ಮಾಡಿಕೊಂಡಾಳೋ ಅಂತ ಅಂಜಿಕೆ. "ಏಳು, ನಡೀ ನನ್ನ ಸಂಗಟ" ಅಂದು ಅವ್ವನನ್ನೂ ಎಳೆದುಕೊಂಡು ಹೋದಳು. ಅಪ್ಪನೂ ಬಂದು ಗಂಡಸರ ಕಡೆ ಕೂತ. ಹೀಗೆ ನಮ್ಮವ್ವ ತನ್ನ ಮೊದಲ ಸಿನೆಮಾ ನೋಡಿದ್ದು ಮನೆ ಬಿಡುವ ಹಿಂದಿನ ದಿನ.

ಚಂಪಾಕಲಿ ಅದರಲ್ಲಿ ರಾಣಿ. ಸವತಿಯ ಮಾತು ಕೇಳಿ ರಾಜ ಆಕೆಯನ್ನು ಕಾಡಿಗೆ ಅಟ್ಟುತ್ತಾನೆ. ಬೇಟೆಗೆ ಬಂದ ಅದೇ ರಾಜ ದಾರಿ ತಪ್ಪಿ, ಹಸಿದು, ಆಕೆಯ ಗುಡಿಸಲಿಗೇ ಬರುತ್ತಾನೆ. ಗುರುತು ಹತ್ತುವುದಿಲ್ಲ. ರಾಣಿ ಮುಸುಕು ಎಳೆದುಕೊಂಡು ಒಲೆ ಮುಂದೆ ಕೂತಳು, ಹಿಟ್ಟು ಕಲಸಿದಳು, ರೊಟ್ಟಿ ಬಡಿದಳು.

ಅವ್ವ ಆಯಿಯ ಸೆರಗು ಜಗ್ಗಿದಳು. "ಅತ್ತೀ... ಕೈ ನೋಡ್ರಿ."

"ಸುಮ್ನ ಕೂಡು."

"ಎಡಗೈ ಅತ್ತೀ."

ಆಯಿ ಇಷ್ಟು ವರ್ಷ ಚಂಪಾಕಲಿಯ ಮುಖ ನೋಡಿದ್ದಳೇ ಹೊರತು ಕೈ ನೋಡಿರಲಿಲ್ಲ. ಈಗ ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ಬೇಸಿಗೆಯ ಸೆಕೆಗೆ ಪರದೆ ಒಣಗಿ ಚಿತ್ರ ಮಸುಕಾಯಿತು. ಹೆಂಗಸರೆಲ್ಲ ಕೂಗಿದರು, "ಏ ಗನೀ, ನೀರು ಹೊಡಿಯೋ!" ಎಲ್ಲರಿಗಿಂತ ಜೋರು ಆಯಿಯದೇ ದನಿ. ಗನಿ ಓಡಿ ಬಂದು ಮಶಕ ಹಿಂಡಿದ. ಬಟ್ಟೆಯ ಮೇಲೆ ನೀರು ಇಳಿದ ಹಾಗೆ ಚಂಪಾಕಲಿ ಮತ್ತೆ ಮೂಡಿ ಬಂದಳು. ಎಡಗೈಲೆ ರೊಟ್ಟಿ ತಿರುವಿದಳು. ಎಡಗೈಲೆ ರಾಜನಿಗೆ ನೀಡಿದಳು.

"ಹೌದಲ್ಲೇ! ತಾಯಿ ಎಡಚಿ!" ಅಂದಳು ಹಿಂದಿನಿಂದ ಒಬ್ಬಾಕೆ.

ಪಕ್ಕದ ಮನೆಯ ಹಸೀನಾಬೇಗಂ ನಕ್ಕಳು. "ಶಿವಕಾಂತಮ್ಮಾ, ರಾಜಾನೂ ಎಡಗೈಲೇ ಉಣ್ಲಿಕತ್ತಾನಲ್ಲಾ?"

ಆಯಿ ತಡಮಾಡಲಿಲ್ಲ. "ಹೇಂತಿ ಕೈ ನೋಡಿ ಕಲ್ತಾನ. ನೀ ಸುಮ್ನ ನೋಡು."

ಮನೆಗೆ ಬರುವ ದಾರಿಯುದ್ದಕ್ಕೂ ಆಯಿ ಸೊಸೆಯ ಕೈಯನ್ನೇ ನೋಡುತ್ತ ನಡೆದಳು.

ಮರುದಿನ ಅಪ್ಪ ಬಂಡಿ ಹೂಡಿದ. ಅವ್ವ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಳು. ಆಯಿ ಪೂಜೆಗೆ ಕೂತವಳು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಪತ್ರಿ ಏರಿಸುವುದು ಮರೆತು, ಆ ಅಂಗೈಯನ್ನೇ ಭಾಳ ಹೊತ್ತು ನೋಡಿದಳು.

"ನಾಗ್ಯಾ, ಇಲ್ಲಿ ಬಾ. ನಿನ್ನಿ ನೀ ಮುಂದಿನ ಕಡಿ ಕುಂತಿದ್ದಿ. ಲಿಂಗ ಕೈಯಾಗ ಅದ, ಖರೇ ಹೇಳು. ಚಂಪಾಕಲಿ ಎಡಚಿ ಹೌದೋ, ಅಲ್ಲೋ?"

ಮುಂದಿನ ಕಡೆ ಕೂತವನಿಗೆ ಚಂಪಾಕಲಿ ಬಲಗೈಯವಳಾಗಿಯೇ ಕಂಡಿದ್ದಳು. ಹಿಂದಿನ ಕಡೆ ಎಲ್ಲ ತಿರುವಾಗಿ ಕಾಣುತ್ತದೆ ಅನ್ನುವುದೂ ಅಪ್ಪನಿಗೆ ಗೊತ್ತಿತ್ತು. ಗಣಿಯಲ್ಲಿ ಒಂದು ಕಲ್ಲಿನ ಲೆಕ್ಕವನ್ನೂ ತಪ್ಪು ಹೇಳಿದ ಮನುಷ್ಯ ಅಲ್ಲ ಆತ. ಹೊಸ್ತಿಲ ಕಡೆ ಒಮ್ಮೆ ನೋಡಿದ.

"ಹೌದವ್ವಾ," ಅಂದ. "ಪಕ್ಕಾ ಎಡಚಿ."

"ಹಂಗಾದ್ರ ಎತ್ತು ಬಿಚ್ಚು. ಲಿಂಗಯ್ಯ ಕುಂದ್ರೋ ಕೈ ಹೆಂಗ ಹೊಲಸಾಗ್ತದ? ಸೂಗೀ, ಗಂಟು ಒಳಗ ಇಡು. ಯಾವ ಕೈಲೆ ಚಲೋ ಬರ್ತದ, ಆ ಕೈಲೆ ರೊಟ್ಟಿ ಬಡಿ."

ಅವತ್ತೇ ಅಪ್ಪ ಗನಿಯನ್ನು ಹುಡುಕಿಕೊಂಡು ಹೋಗಿ, ಪರದೆಯ ತಿರುವು ಹೆಂಗಸರ ಕಿವಿಗೆ ಬೀಳದ ಹಾಗೆ ನೋಡಿಕೋ ಅಂತ ಕೈ ಮುಗಿದ. ಗನಿ ಮಶಕ ಇಳಿಸದೆಯೇ ಅಂದನಂತೆ, "ನಂದು ನೀರು ಹೊಡಿಯೋ ಕೆಲಸ ನಾಗೇಂದ್ರಪ್ಪ, ಬಾಯಿ ಬಡಿಯೋದಲ್ಲ. ಹೋಗ್ರಿ, ಬಿಸಿ ರೊಟ್ಟಿ ತಿನ್ರಿ."

ನಾನು ಹುಟ್ಟಿದ್ದು, ಬೆಳೆದದ್ದು ಎಲ್ಲ ಆ ಬಿಸಿ ರೊಟ್ಟಿಯ ಮೇಲೆ. ಬಿಚ್ಚಿದ ಕೈ ಬಡಿದ ರೊಟ್ಟಿ ದುಂಡಗೆ, ತೆಳ್ಳಗೆ, ಹುಣ್ಣಿಮೆ ಚಂದ್ರನ ಹಾಗೆ ಇರುತ್ತಿತ್ತು. ಓಣಿಯಲ್ಲಿ ಯಾರ ಮನೆಯಲ್ಲಾದರೂ ಎಡಚಿ ಹುಡುಗಿಯ ಕೈ ಕಟ್ಟಿದರೆ ಆಯಿಯೇ ಹೋಗಿ ಬಿಚ್ಚಿಸಿ ಬರುತ್ತಿದ್ದಳು. "ಚಂಪಾಕಲಿಗಿಂತ ದೊಡ್ಡಾಕಿ ಏನು ನೀನು?" ಅಂತ ಆ ಹುಡುಗಿಯ ತಾಯಿಯನ್ನೇ ದಬಾಯಿಸುತ್ತಿದ್ದಳು.

ಹೀಗೆ ಏಳೆಂಟು ವರ್ಷ ಕಳೆದ ಮೇಲೆ ಮಾತಾಡುವ ಸಿನೆಮಾ ಬಂತು. ಡೇರೆ ಹೋಗಿ ತಗಡಿನ ಥೇಟರ್ ಆಯಿತು. ಪರದೆ ಗೋಡೆಗೆ ಹತ್ತಿತು, ಗನಿಯ ನೀರು ಬೇಡಾಯಿತು. ಹೆಂಗಸರಿಗೂ ಮುಂದಿನ ಕಡೆಯೇ ಜಾಗ, ನಡುವೆ ಒಂದು ಅಡ್ಡ ಬಟ್ಟೆ. ಚಂಪಾಕಲಿಯ ಮೊದಲ ಮಾತಿನ ಸಿನೆಮಾ ಬಂದಾಗ ಅಪ್ಪ, "ಬ್ಯಾಡವ್ವಾ, ಬರೀ ಗದ್ದಲ ಅದ, ತಲಿ ನೋಯ್ತದ" ಅಂತ ಎಷ್ಟು ಹೇಳಿದರೂ ಆಯಿ ಕೇಳಲಿಲ್ಲ. ಅವ್ವನನ್ನೂ ಕರೆದುಕೊಂಡು ಹೊರಟಳು. ಅಪ್ಪನಿಂದ ಹಿಂದೆಯೇ ನಿಜ ತಿಳಿದಿದ್ದ ಅವ್ವ ಒಲ್ಲದ ಮನಸ್ಸಿನಿಂದ ಹಿಂದೆ ನಡೆದಳು.

ಚಂಪಾಕಲಿ ಬಂದಳು, ಮಾತಾಡಿದಳು, ಹಾಡಿದಳು. ಆಮೇಲೆ ಗಂಡನಿಗೆ ನೀರು ಕೊಟ್ಟಳು. ಬಲಗೈಲೆ. ಹೂ ಮುಡಿದಳು. ಅದೂ ಬಲಗೈಲೆ. ಸಾಲಿನ ಹೆಂಗಸರೆಲ್ಲ ಮೆಲ್ಲಗೆ ತಿರುಗಿ ಆಯಿಯನ್ನೇ ನೋಡಿದರು. ಅವ್ವ ತನ್ನ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಗುಂಡಗುರ್ತಿಯಲ್ಲಿ ಕಲಿತ ಹಾಗೆ.

ಆಯಿ ಚಂಪಾಕಲಿಯ ಆ ಕೈಯನ್ನೇ ದಿಟ್ಟಿಸಿದಳು. ಆಮೇಲೆ ಆಕೆಯ ಕಣ್ಣಲ್ಲಿ ನೀರು ಬಂತು.

"ಅಯ್ಯೋ ನನ್ನ ತಾಯೀ," ಅಂದಳು, "ಮಾತು ಕಲಿಸೋರು ಹೊಡದು ಬಡದು ಬಲಗೈ ಮಾಡ್ಯಾರ ಈಕೀಗಿ. ಮುಖ ನೋಡ್ರೇ, ಎಷ್ಟು ಸೊರಗೇದ." ಸೆರಗಿನೊಳಗೆ ಕೈ ಹಾಕಿ ಅವ್ವನ ಎಡಗೈ ಹೊರಗೆ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸಿನೆಮಾ ಮುಗಿಯುವ ತನಕ ಬಿಡಲಿಲ್ಲ.

ಆ ಬೊಂಬಾಯಿ ಹೆಂಗಸಿಗೆ ಗುಂಡಗುರ್ತಿಯ ಸೂಗಮ್ಮ ಯಾರು ಅಂತ ಗೊತ್ತಾಗುವ ಬಗೆ ಇಲ್ಲ. ಗೊತ್ತಿಲ್ಲದೆಯೇ ನಮ್ಮ ಮನೆ ಉಳಿಸಿದಳು. ಆಕೆಗೂ, ಹೊತ್ತಿಗೆ ಸರಿಯಾಗಿ ನೀರು ಹೊಡೆದ ಗನಿಗೂ ನಾನು ಮನಸ್ಸಿನಲ್ಲೇ ದಿನಾ ಶರಣು ಅನ್ನುತ್ತೇನೆ. ಲಿಂಗದ ಮುಂದೆ ಸುಳ್ಳು ಹೇಳಿದ ನಮ್ಮಪ್ಪನಿಗೂ.

ನಿಜಾಮನ ಮೇಲೆ ಪೋಲೀಸ್ ಆ್ಯಕ್ಷನ್ ಆದ ವರ್ಷ ಆಯಿ ಹಾಸಿಗೆ ಹಿಡಿದಳು. ಕಡೆಯ ದಿನ ನೆಂಟರೆಲ್ಲ ಸುತ್ತ ಕೂತಿದ್ದರು. ಅವ್ವ ಎಡಗೈಲೆ ಚಮಚೆ ಹಿಡಿದು ನೀರು ಬಿಡಲಿಕ್ಕೆ ಹೋದಳು. ಚಿಂಚೋಳಿಯಿಂದ ಬಂದಿದ್ದ ಆಯಿಯ ತಂಗಿ ಚಂದಮ್ಮ, "ಹೋಗೋ ಹೊತ್ತನ್ಯಾಗರೇ ಬಲಗೈಲೆ ಬಿಡವಾ" ಅಂದಳು. ಅವ್ವ ಸುಮ್ಮನೆ ಚಮಚೆಯನ್ನು ಬಲಗೈಗೆ ತೆಗೆದುಕೊಂಡಳು.

ಆಯಿ ತುಟಿ ಬಿಗಿದಳು. ಕಣ್ಣು ತೆರೆಯಲಿಲ್ಲ.

"ಆ ಕೈ ಅಲ್ಲ," ಅಂದಳು.